ಬನಹಟ್ಟಿಯ ಬಿಸಿ ಪೆಟ್ಟಿಗೆಗಳು

ಯಂತ್ರ ಯಾಕೆ ಬಿಸಿಯಾಗುತ್ತದೆ ಎನ್ನುವುದನ್ನು ಕಾಲೇಜಿನಲ್ಲಿ ಮೂರು ವರ್ಷ ಓದಿದೆ. ಯಾರ ಮನೆಯಲ್ಲಿ ಯಾಕೆ ಬಿಸಿಯಾಗುತ್ತದೆ ಎನ್ನುವುದು ಪುಸ್ತಕದಲ್ಲಿರಲಿಲ್ಲ. ಅದನ್ನು ತಿಳಿಯಲು ಮನೆಮನೆಗೆ ಹೋಗಬೇಕಾಯಿತು. ಹೋದಲ್ಲೆಲ್ಲ ಏನಾದರೊಂದು ಆಗುತ್ತಲೇ ಇತ್ತು.

ಬಿ.ಎಸ್ಸಿ. ಮುಗಿಸಿ ನಾನು ಬನಹಟ್ಟಿಯ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿ ಸೇರಿದ್ದೆ. ಟಿ.ವಿ. ಪಕ್ಕ ಹೋಮ್ ಥಿಯೇಟರ್ ಇಲ್ಲದ ಮನೆಯನ್ನು ಜನ ಅರ್ಧ ಮನೆ ಎಂದು ನೋಡುತ್ತಿದ್ದ ಕಾಲ ಅದು. ಸ್ಪೀಕರುಗಳಿಗೆಲ್ಲ ಶಕ್ತಿ ಕೊಡುವ ರಿಸೀವರಿಗೆ ನಮ್ಮ ಕಡೆ ಪೆಟ್ಟಿಗಿ ಎಂದೇ ಹೆಸರು. ಆ ದೀಪಾವಳಿಗೆ ಪೆಟ್ಟಿಗೆಗಳು ಚೆನ್ನಾಗಿ ಮಾರಿ ಹೋದವು. ಹಬ್ಬ ಮುಗಿದ ವಾರದಲ್ಲೇ ಫೋನು ಶುರುವಾಯಿತು. ಎಲ್ಲರದೂ ಒಂದೇ ಮಾತು: ಹಾಡು ಜೋರಾಗಿ ಹಚ್ಚಿದರೆ ಪೆಟ್ಟಿಗೆ ಕಾಯುತ್ತದೆ, ಕಾದು ತಾನೇ ಬಂದ್ ಆಗುತ್ತದೆ. "ನಮ್ಮ ಪೆಟ್ಟಿಗಿಗಿ ಮೂರ್ಛೆ ಬರತೈತ್ರಿ" ಎಂದು ಒಬ್ಬರು ಹೇಳಿದರು.

ಮೆಲ್ಲಗೆ ಹಚ್ಚಿರಿ ಎನ್ನುವಂತಿರಲಿಲ್ಲ. ನಮ್ಮೂರಲ್ಲಿ ಮನೆಯ ಹಿಂದಿನ ಅರ್ಧದಲ್ಲಿ ಮಗ್ಗ ಓಡುತ್ತದೆ. ಅದರ ಖಟಖಟ ದಾಟಿ ಹಾಡು ಕೇಳಬೇಕೆಂದರೆ ಗುಂಡಿಯನ್ನು ಕೊನೆಯವರೆಗೆ ತಿರುಗಿಸಬೇಕು.

ಮಾಲಕರು ನನ್ನನ್ನು ಕರೆದರು. ಅವರು ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ.

"ಲೇ ಬಿ.ಎಸ್ಸಿ., ಸಂಕ್ರಾಂತಿ ತನಕ ನಿನಗ ವ್ಯಾಳ್ಯಾ. ಅಷ್ಟರಾಗ ಬಿಸಿ ಬಗ್ಗೆ ಒಂದೇ ಒಂದು ತಕರಾರು ಉಳದಿದ್ರೂ ಈ ಮಾಲು ಮಾರೂದು ಬಂದ್. ನೀನೂ ಬಂದ್."

ನನ್ನ ತಂದೆ ಮುಧೋಳದಲ್ಲಿ ಸಾಲಿ ಮಾಸ್ತರು. ನಾನೂ ಮಾಸ್ತರನಾಗಬೇಕೆಂಬುದು ಅವರ ಆಸೆ. ಸುದ್ದಿ ಕೇಳಿ ಅವರಿಗೆ ಬೇಜಾರಾದಂತೆ ಕಾಣಲಿಲ್ಲ. "ಬಿ.ಎಡ್. ಅರ್ಜಿ ತಂದಿಟ್ಟೇನಿ. ಸಂಕ್ರಾಂತಿಗಿ ತುಂಬೂಣು" ಎಂದರು.

ನನಗೆ ಮಾಸ್ತರಿಕೆ ಬೇಡವಾಗಿತ್ತು. ಪೆಟ್ಟಿಗೆ ಬಿಚ್ಚಿ ನೋಡುವುದು ಬೇಕಾಗಿತ್ತು. ತಕರಾರುಗಳನ್ನು ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆದೆ. ಹನ್ನೊಂದಿದ್ದವು. ಒಂದೊಂದಾಗಿ ಹೊಡೆದುಹಾಕಲು ಹೊರಟೆ.

ನಾಲ್ಕು ಬಟ್ಟು

ಪೆಟ್ಟಿಗೆಯ ಮುಚ್ಚಳದಲ್ಲಿ ಸೀಳುಗಳಿರುತ್ತವೆ. ಒಳಗಿನ ಬಿಸಿ ಅಲ್ಲಿಂದ ಹೊರಗೆ ಹೋಗಬೇಕು. ಅದರ ಮೇಲೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಟ್ಟರೆ ಅರ್ಧ ತಕರಾರು ಮುಗಿಯಿತು. ಇಷ್ಟು ಸಣ್ಣ ಮಾತಿಗೆ ಮನೆಗೆ ಹೋಗುವುದೇಕೆ, ಫೋನಿನಲ್ಲಿ ಹೇಳಿದರಾಯಿತು ಎಂದುಕೊಂಡೆ.

ಮೊದಲನೆಯ ಮನೆಯಲ್ಲಿ ಫೋನು ಎತ್ತಿದವರು ಒಬ್ಬ ಅಜ್ಜಿ. ಹಿಂದೆ ಮಗ್ಗ ಓಡುತ್ತಿತ್ತು. ಬೆರಳಿಗೆ ನಮ್ಮ ಕಡೆ ಬಟ್ಟು ಅನ್ನುತ್ತೇವೆ. ನಾನು ಗಟ್ಟಿಯಾಗಿ ಹೇಳಿದೆ: "ಅಜ್ಜೀ, ಪೆಟ್ಟಿಗಿ ಮ್ಯಾಲ ನಾಕ ಬಟ್ಟ ಬಿಡ್ರಿ."

"ಏನು?"

"ನಾಕ ಬಟ್ಟ ಬಿಡ್ರಿ. ಮ್ಯಾಲ."

"ಹಾಂ, ತಿಳೀತು" ಎಂದ ಅಜ್ಜಿ ಏನೋ ಕೇಳಿದರು. ನನಗೆ "ಸರಿ, ನಡೀತೈತೇನು" ಎಂದಂತೆ ಕೇಳಿಸಿತು. ನಡೀತೈತ್ರಿ ಎಂದು ಫೋನು ಇಟ್ಟೆ.

ಎರಡು ದಿನ ಬಿಟ್ಟು ಅದೇ ಮನೆಯಿಂದ ಫೋನು. ಪೆಟ್ಟಿಗೆ ಈಗ ಇನ್ನೂ ಬೇಗ ಬಂದ್ ಆಗುತ್ತಿದೆ. ಹೋಗಿ ನೋಡಿದೆ. ಪೆಟ್ಟಿಗೆ ಕಾಣಲಿಲ್ಲ. ಟಿ.ವಿ. ಪಕ್ಕದಲ್ಲಿ ಸೀರೆಗಳ ಒಂದು ಸಣ್ಣ ಗುಡ್ಡೆ ಇತ್ತು. ನಾಲ್ಕು ಸೀರೆ, ಅಚ್ಚುಕಟ್ಟಾಗಿ ಮಡಚಿ ಒಂದರ ಮೇಲೊಂದು ಇಟ್ಟಿದ್ದರು.

"ಅಜ್ಜೀ, ಇದೇನ್ರಿ?"

"ನೀನ ಹೇಳಿದೆಲ್ಲ ತಮ್ಮಾ, ನಾಕ ಬಟ್ಟಿ ಇಡ್ರಿ ಅಂತ. ಸೀರಿ ನಡೀತೈತೇನು ಅಂದ್ನಿ. ನಡೀತೈತಿ ಅಂದಿ."

ನಾನು ನಾಲ್ಕು ಬೆರಳು ಎತ್ತಿ ತೋರಿಸಿ, ಬಟ್ಟೆ ಇಡುವುದಲ್ಲ, ಬಟ್ಟು ಬಿಡುವುದು ಎಂದು ವಿವರಿಸಿದೆ. ಸೀರೆಗಳನ್ನು ತೆಗೆದೆ. ಅಜ್ಜಿ ನನ್ನ ಬೆರಳುಗಳನ್ನು ನೋಡಿದರು, ಸೀರೆಗಳನ್ನು ನೋಡಿದರು. ಮೂರು ತಲೆಮಾರು ನೇಕಾರಿಕೆ ಮಾಡಿದ ಮನೆ. ತಪ್ಪು ತಮ್ಮದೆಂದು ಒಪ್ಪಲು ಅವರು ತಯಾರಿರಲಿಲ್ಲ.

"ನನಗ ಅವತ್ತ ಸಂಶೇ ಬಂದಿತ್ತು" ಎಂದರು. "ಬಟ್ಟಿ ಇಡ್ರಿ ಅಂದಾಂವ ಎಷ್ಟನೇ ನಂಬರಿನ ನೂಲಿಂದು ಅಂತ ಹೇಳಲಿಲ್ಲಲ್ಲ."

ಕೆಂಪು ಅರಳೆ

ಫೋನಿನಲ್ಲಿ ಹೇಳುವುದನ್ನು ಅಂದಿಗೇ ಬಿಟ್ಟೆ.

ಎರಡು ಓಣಿ ಆಚೆಗೆ ಇನ್ನೊಂದು ಮನೆ. ಇಲ್ಲಿ ಪೆಟ್ಟಿಗೆಯ ಮೇಲೆ ಏನೂ ಇರಲಿಲ್ಲ, ಸುತ್ತಲೂ ಜಾಗವಿತ್ತು. ಆದರೂ ಕಾಯುತ್ತಿತ್ತು. ಮುಚ್ಚಳ ಬಿಚ್ಚಿದೆ. ಒಳಗೆ ಯಂತ್ರವೇ ಕಾಣಲಿಲ್ಲ, ಬರೀ ಅರಳೆ ಇತ್ತು. ಮಗ್ಗದಿಂದ ಹಾರುವ ನೂಲಿನ ಧೂಳು ಸೀಳುಗಳಿಂದ ಒಳಗಿಳಿದು, ಬಿಸಿ ಕಳೆಯಲು ಇಟ್ಟ ಅಲ್ಯುಮಿನಿಯಂ ಪಟ್ಟಿಗಳ ನಡುವೆ ಹೆಪ್ಪುಗಟ್ಟಿ ಕೂತಿತ್ತು. ಬ್ರಷ್ಷಿನಿಂದ ಬಿಡಿಸಿ ಬಿಡಿಸಿ ಪೇಪರಿನ ಮೇಲೆ ಗುಡ್ಡೆ ಹಾಕಿದೆ. ಕೂಸಿನ ತಲೆದಿಂಬಿಗೆ ಸಾಕಾಗುವಷ್ಟಿತ್ತು.

"ಇದು ಕೌದಿ ಹೊಚ್ಚಿಕೊಂಡು ಬಿಸಲಾಗ ಕುಂತಂಗ ಆಗೇತ್ರಿ" ಎಂದೆ. "ತಿಂಗಳಿಗೊಮ್ಮೆ ಸ್ವಚ್ಛ ಮಾಡಬೇಕು."

ಮನೆಯವರು ಒಂದು ಚಿಟಿಕೆ ಅರಳೆ ತೆಗೆದುಕೊಂಡು ಬೆರಳ ನಡುವೆ ತಿಕ್ಕಿದರು. ಬೆಳಕಿಗೆ ಹಿಡಿದರು.

"ಇದು ನಮ್ಮದಲ್ಲ" ಎಂದರು.

"ನಿಮ್ಮ ಪೆಟ್ಟಿಗ್ಯಾಗ ಇತ್ತಲ್ರಿ."

"ಇರಬಹುದು. ನಾವು ದೀಪಾವಳಿಯಿಂದ ಬರೇ ಬಿಳಿ ನೂಲು ನೇಯಾಕತ್ತೇವಿ. ಇದು ಕೆಂಪೈತಿ. ಇದು ಬಾಜೂ ಮನೀದು."

ಪೇಪರಿನ ಸಮೇತ ಎತ್ತಿಕೊಂಡು ಹೋದರು. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ನಾನೂ ಹಿಂದೆ ಹೋದೆ. ಪಕ್ಕದ ಮನೆಯವರು ಮಗ್ಗ ನಿಲ್ಲಿಸಿ ಹೊರಗೆ ಬಂದರು. ಅರಳೆ ನೋಡಿದರು, ತಾವೂ ತಿಕ್ಕಿದರು.

"ಹೌದು, ನಂದ ಐತಿ" ಎಂದರು.

"ನಿನ್ನ ಅರಳಿಯಿಂದ ನನ್ನ ಪೆಟ್ಟಿಗಿ ಕೆಟ್ಟೈತಿ."

"ಹಂಗಾದ್ರ ಒಂದು ಮಾತು ಕೇಳು. ದೀಪಾವಳಿಯಿಂದ ದಿನಾ ನಿನ್ನ ಹಾಡು ನನ್ನ ಮನ್ಯಾಗ ಬರಾಕತ್ತೈತಿ. ನಾ ಏನರ ಅಂದೇನಿ? ನೀ ಹಾಡು ಕಳಸೂದು ನಿಲ್ಲಸು, ನಾ ಅರಳಿ ಕಳಸೂದು ನಿಲ್ಲಸ್ತೇನಿ."

ಸಾವಳಗಿಯ ಮನೆ

ಸಾವಳಗಿಯಿಂದ ಬಂದ ತಕರಾರು ಚುಟುಕಾಗಿತ್ತು: ಪೆಟ್ಟಿಗೆ ಮುಟ್ಟಲು ಆಗುವುದಿಲ್ಲ. ಜಮಖಂಡಿಗೆ ಹೋಗಿ ಅಲ್ಲಿಂದ ಬಸ್ಸು ಬದಲಿಸಿ ಮನೆ ಹುಡುಕಿದೆ. ಬಾಗಿಲಿಗೆ ಬಂದವರು ಮನೆಯ ಯಜಮಾನಿ.

"ಪೆಟ್ಟಿಗಿ ನೋಡಾಕ ಬಂದೇನ್ರಿ."

"ಅದು ಇಲ್ಲ. ಕಬ್ಬಿಗಿ ಹೋಗೇತಿ."

"ಪೆಟ್ಟಿಗೀನ?"

"ಹೂಂ. ನಮ್ಮ ಮನಿಯವರ ಜೋಡಿ."

ಕಟ್ಟೆಯ ಮೇಲೆ ಕೂತು ಕಾದೆ. ಒಂದು ತಾಸಿನ ಮೇಲೆ ಹಾಡು ಬಂತು. ಹಾಡು ಬಂದು ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರ್ ಬಂತು. ಅದರ ಹಿಂದೆ ಎರಡು ಟ್ರೇಲರ್ ಕಬ್ಬು. ಬ್ಯಾಟರಿಗೆ ಇನ್ವರ್ಟರ್ ಜೋಡಿಸಿ, ಅದಕ್ಕೆ ನಮ್ಮ ಪೆಟ್ಟಿಗೆ ಜೋಡಿಸಿ, ಪೆಟ್ಟಿಗೆಯನ್ನು ಎಂಜಿನ್ನಿನ ಹಿಂದೆ ಕಾಲ ಬಳಿ ಹಗ್ಗದಿಂದ ಬಿಗಿದಿದ್ದರು. ಧೂಳು ಕೂರದಿರಲಿ ಎಂದು ಪೂರ್ತಿಯಾಗಿ ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದರು. ಧೂಳು ನಿಜಕ್ಕೂ ಕೂತಿರಲಿಲ್ಲ.

ಕಾರಣಗಳನ್ನು ಎಣಿಸುವುದು ನನ್ನ ರೂಢಿ. ಇಲ್ಲಿ ಎಂಜಿನ್ ಬಿಸಿ, ಬಿಸಿಲು, ಚೀಲ, ಗಾಳಿಯಿಲ್ಲದ ಜಾಗ, ಎಂಜಿನ್ನಿಗಿಂತ ಜೋರು ಹಾಡು, ಎಲ್ಲವೂ ಒಂದೇ ಪೆಟ್ಟಿಗೆಯ ಮೇಲೆ ಕೂತಿದ್ದವು. ಎಲ್ಲಿಂದ ಹೇಳಲಿ ತಿಳಿಯದೆ ಹೆಸರಿನಿಂದ ಶುರುಮಾಡಿದೆ.

"ಯಜಮಾನ್ರ, ಇದಕ್ಕ ಹೋಮ್ ಥೇಟರ್ ಅಂತಾರ. ಹೋಮ್ ಅಂದ್ರ ಮನಿ. ಇದು ಮನ್ಯಾಗ ಇಡೂದು."

ಅವರು ಎಂಜಿನ್ ನಿಲ್ಲಿಸಿದರು. ಹಾಡು ನಿಲ್ಲಿಸಲಿಲ್ಲ.

"ಸಕ್ಕರಿ ಕಾರಖಾನಿ ಮುಂದ ಪಾಳೆ ಹಚ್ಚಿ ನಿಂತ್ರ ಎರಡೆರಡು ದಿನ ಅಲ್ಲೇ. ಊಟ ಇದರ ಮ್ಯಾಲ, ನಿದ್ದಿ ಇದರ ಕೆಳಗ. ಕಬ್ಬು ಮುಗಿಯೂತನಕ ನನ್ನ ಮನಿ ಯಾವುದಂತ ನೀವ ಹೇಳ್ರಿ."

ನಾನು ಯಜಮಾನಿಯ ಕಡೆ ನೋಡಿದೆ. ಪಾವಣೇರಿಗೆ, ಅಂದರೆ ಅತಿಥಿಗೆ, ಮೊದಲು ನೀರು ಕೊಡುವುದು ನಮ್ಮ ಕಡೆಯ ರೂಢಿ. ಅವರು ಒಳಗಿನಿಂದ ತಂಬಿಗೆಯಲ್ಲಿ ನೀರು ತಂದು, ನನಗೆ ಕೊಡುವ ಮೊದಲು ಗಂಡನಿಗೆ ಕೊಟ್ಟರು.

"ಅವರು ಖರೇನ ಹೇಳತಾರ" ಎಂದರು. "ಈ ಮನಿಗಿ ಅವರು ಪಾವಣೇರು."

ಚೀಲ ಬಿಚ್ಚಿಸಿ, ಪೆಟ್ಟಿಗೆಯನ್ನು ಎಂಜಿನ್ನಿನಿಂದ ದೂರ, ಮಡ್‌ಗಾರ್ಡಿನ ಮೇಲೆ ಹಲಗೆ ಹಾಕಿ ಕೂರಿಸಿ ಬಂದೆ. ನೋಟ್‌ಬುಕ್ಕಿನ ವಿಳಾಸದ ಕಾಲಮಿನಲ್ಲಿ ಸಾವಳಗಿ ಎಂದಿದ್ದದ್ದನ್ನು ಹೊಡೆದು, "ಓಡಾಡುತ್ತದೆ" ಎಂದು ಬರೆದೆ.

ಅಣ್ಣತಮ್ಮಂದಿರ ಪಾಲು

ಹಿನ್ನೀರಿಗೆ ಊರು ಮುಳುಗಿದ ಮೇಲೆ ಬೀಳಗಿಯ ಹತ್ತಿರ ಹೊಸ ಮನೆ ಕಟ್ಟಿಸಿಕೊಂಡ ನಾಲ್ವರು ಅಣ್ಣತಮ್ಮಂದಿರು. ಮನೆ ಕಟ್ಟುವಾಗಲೇ ಪಾಲಾಗಿದ್ದರು. ಒಬ್ಬೊಬ್ಬರಿಗೆ ಎರಡೆರಡು ಕೋಣೆ. ಪಡಸಾಲೆ, ಟಿ.ವಿ. ಮತ್ತು ಪೆಟ್ಟಿಗೆ ಮಾತ್ರ ಎಲ್ಲರಿಗೂ ಸೇರಿದ್ದು.

ಪಡಸಾಲೆಯಲ್ಲಿ ಪೆಟ್ಟಿಗೆ ಮಾತ್ರ ಕಂಡಿತು, ಸ್ಪೀಕರ್ ಒಂದೂ ಕಾಣಲಿಲ್ಲ.

"ಸ್ಪೀಕರ್ ಎಲ್ಯದಾವ್ರಿ?"

ಹಿರಿಯಣ್ಣ ಹೇಳಿದರು: "ಪಾಲಾಗ್ಯಾವ."

ಒಬ್ಬೊಬ್ಬರ ಕೋಣೆಗೆ ಒಂದೊಂದು ಸ್ಪೀಕರ್ ಹೋಗಿತ್ತು. ಎಡದ ಸ್ಪೀಕರಿಗೂ ಬಲದ ಸ್ಪೀಕರಿಗೂ ಬರುವ ದನಿ ಒಂದೇ ಅಲ್ಲ. ಒಬ್ಬನಿಗೆ ವಾದ್ಯ ಹೆಚ್ಚು, ಇನ್ನೊಬ್ಬನಿಗೆ ಹಾಡು ಹೆಚ್ಚು ಬಂದು ಜಗಳವಾಗಿತ್ತು. ಆಮೇಲೆ ನಾಲ್ಕೂ ವೈರುಗಳನ್ನು ತಂದು ಒಂದೇ ಜಾಗಕ್ಕೆ ಬಿಗಿದಿದ್ದರು. ಈಗ ಎಲ್ಲರಿಗೂ ಸಮಪಾಲು. ಪೆಟ್ಟಿಗೆಗೆ ಮಾತ್ರ ನಾಲ್ಕು ಪಾಲಿನ ಹೊರೆ.

"ಒಂದು ಎತ್ತಿಗಿ ನಾಕು ಬಂಡಿ ಕಟ್ಟೀರಿ" ಎಂದೆ. "ಹಿಂಗ ಕಟ್ಟಿದ್ರ ಅದು ಸುಟ್ಟು ಹೋಗತೈತಿ."

"ಹಂಗಾದ್ರ ಯಾರದು ಕಳಚೂನು?" ಎಂದು ಹಿರಿಯಣ್ಣ ಕೇಳಿದರು. ನಾಲ್ವರೂ ನನ್ನನ್ನು ನೋಡಿದರು. ಇದು ವಿಜ್ಞಾನದ ಪ್ರಶ್ನೆಯಲ್ಲ ಎಂದು ಗೊತ್ತಾಯಿತು.

ಯಾರದನ್ನೂ ಕಳಚದೆ ಒಂದು ದಾರಿಯಿತ್ತು. ಎರಡೆರಡು ಸ್ಪೀಕರುಗಳನ್ನು ಒಂದರ ಹಿಂದೊಂದು ಜೋಡಿಸಿ, ಎರಡು ಜೋಡಿ ಮಾಡಿ, ಆಮೇಲೆ ಪೆಟ್ಟಿಗೆಗೆ ಕೊಟ್ಟರೆ ಅದಕ್ಕೆ ಒಂದೇ ಸ್ಪೀಕರಿನ ಹೊರೆ ಬೀಳುತ್ತದೆ. ದನಿ ನಾಲ್ವರಿಗೂ ಸಮ. ಒಂದೇ ಕುಂದು: ಜೋಡಿಯಲ್ಲಿ ಒಬ್ಬರು ಬಂದ್ ಮಾಡಿದರೆ ಇನ್ನೊಬ್ಬರದೂ ಬಂದ್. ಇದನ್ನು ಚಿತ್ರ ಬರೆದು ತೋರಿಸಿದೆ.

ಹಿರಿಯಣ್ಣ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ನನಗ ಯಾರ ಜೋಡಿನರ ಹಾಕು. ಸಣ್ಣಾವನ ಜೋಡಿ ಬ್ಯಾಡ. ಮೂರು ವರ್ಷಾತು, ನಾವಿಬ್ಬರೂ ಮಾತಾಡೂದಿಲ್ಲ."

ಕೋಣೆಗಳನ್ನು ಅಳೆದು ನೋಡಿದೆ. ಇಬ್ಬರ ಕೋಣೆಗಳೂ ಒಂದೇ ಗೋಡೆಯ ಆಚೆ ಈಚೆ ಇದ್ದವು. ನನ್ನ ಬಳಿ ಇದ್ದ ವೈರು ಬೇರೆ ಯಾವ ಜೋಡಿಗೂ ಸಾಲುತ್ತಿರಲಿಲ್ಲ. ಏನೂ ಹೇಳದೆ ಜೋಡಿಸಿದೆ. ಪೆಟ್ಟಿಗೆ ತಣ್ಣಗಾಯಿತು.

ವಾರದ ಮೇಲೆ ನಡುವಿನವರೊಬ್ಬರು ಬನಹಟ್ಟಿಗೆ ಬಂದಿದ್ದಾಗ ವಿಚಾರಿಸಿದೆ. ಪೆಟ್ಟಿಗೆ ಚೆನ್ನಾಗಿದೆ ಎಂದರು. ಸಣ್ಣವನು ನಿದ್ದೆ ಬಂತೆಂದು ತನ್ನ ಸ್ಪೀಕರ್ ಬಂದ್ ಮಾಡಿದನಂತೆ. ಹಿರಿಯಣ್ಣನ ಭಜನೆ ನಡುವೆ ನಿಂತಿತಂತೆ. ಮೂರು ವರ್ಷದಲ್ಲಿ ಮೊದಲ ಸಲ ಇಬ್ಬರೂ ಮಾತಾಡಿದರಂತೆ.

"ಏನು ಮಾತಾಡಿದ್ರಂತ್ರಿ?" ಎಂದು ಕೇಳಿದೆ.

ಅವರು ಅಂಗಡಿಯಲ್ಲಿದ್ದ ಹೆಂಗಸರ ಕಡೆ ಒಮ್ಮೆ ನೋಡಿ, "ಇಲ್ಲಿ ಹೇಳೂವಂಥಾದ್ದಲ್ಲ" ಎಂದರು.

ಕೊನೆಯ ತಕರಾರು

ಸಂಕ್ರಾಂತಿಗೆ ಎರಡು ದಿನ ಇರುವಾಗ ಪಟ್ಟಿಯಲ್ಲಿ ಹನ್ನೊಂದೂ ಹೊಡೆದುಹೋಗಿದ್ದವು. ಮಾಲಕರಿಗೆ ತೋರಿಸಿದೆ.

"ಕಾಗದದ ಮ್ಯಾಲ ಎಲ್ಲಾ ಥಣ್ಣಗ ಇರತಾವ" ಎಂದರು. "ಭಾಳ ತ್ರಾಸು ಕೊಟ್ಟ ಪೆಟ್ಟಿಗಿ ಯಾವುದು?"

"ರಬಕವಿದ್ರಿ. ಅದಕ್ಕ ಮೂರು ಸಲ ಹೋಗೇನಿ."

"ನಡೀ. ನಾನ ಕೈ ಇಟ್ಟು ನೋಡತೇನಿ. ನಿಮ್ಮಪ್ಪಗೂ ಬರಾಕ ಹೇಳು. ನಾಳೆ ನಾ ಅನ್ಯಾಯ ಮಾಡಿದೆ ಅನಬಾರದು."

ತಂದೆ ಮಧ್ಯಾಹ್ನದ ಬಸ್ಸಿಗೆ ಬಂದರು. ಅಂಗಿಯ ಕಿಸೆಯಲ್ಲಿ ಅರ್ಜಿ ಮಡಚಿ ಇಟ್ಟಿದ್ದು ಹೊರಗೇ ಕಾಣುತ್ತಿತ್ತು.

ರಬಕವಿಯ ಆ ಮನೆಯಲ್ಲಿ ನಾಲ್ಕು ಮಗ್ಗ. ಗಂಡ ಮಗ್ಗ ನೋಡಿಕೊಳ್ಳುತ್ತಾರೆ, ಹಾಡಿಲ್ಲದೆ ಅವರ ಕೈ ಓಡುವುದಿಲ್ಲ. ಪೆಟ್ಟಿಗೆ ಬೆಳಗಿನಿಂದ ಸಂಜೆಯವರೆಗೆ ಪೂರ್ತಿ ದನಿಯಲ್ಲಿ ಹಾಡಬೇಕು. ನಾನು ಅದನ್ನು ಡಿ.ವಿ.ಡಿ. ಪ್ಲೇಯರಿನ ಮೇಲಿಂದ ಇಳಿಸಿ ಬೇರೆ ಕೂರಿಸಿದ್ದೆ. ಕೆಳಗೆ ಮರದ ತುಂಡು ಕೊಟ್ಟು ಎತ್ತರಿಸಿದ್ದೆ. ಒಳಗಿನ ಅರಳೆ ತೆಗೆದಿದ್ದೆ. ಹಿಂದೆ ಅಂಗೈಯಷ್ಟು ಒಂದು ಫ್ಯಾನು ಹಾಕಿ ಬಿಸಿಗಾಳಿ ಹೊರಗೆ ಎಳೆಯುವಂತೆ ಮಾಡಿದ್ದೆ. ಒಂದು ವಿಷಯ ಮಾತ್ರ ನನಗೆ ಬಗೆಹರಿದಿರಲಿಲ್ಲ. ಮುಚ್ಚಳದ ಮೇಲೆ ಒಂದು ದುಂಡನೆಯ ಬಿಳಿ ಗುರುತಿತ್ತು, ಒರೆಸಿದರೂ ಹೋಗಿರಲಿಲ್ಲ.

ಮಾಲಕರು ಗುಂಡಿಯನ್ನು ತಾವೇ ಕೊನೆಯವರೆಗೆ ತಿರುಗಿಸಿದರು. ಮಗ್ಗವೂ ಓಡುತ್ತಿತ್ತು. ಮಾತು ಸಾಧ್ಯವಿರಲಿಲ್ಲ. ಮೂವರೂ ಪೆಟ್ಟಿಗೆಯ ಮುಂದೆ ಚಾಪೆಯ ಮೇಲೆ ಕೂತೆವು. ತಂದೆ ಗಡಿಯಾರ ನೋಡುತ್ತಿದ್ದರು. ಕಾಲು ತಾಸಿಗೊಮ್ಮೆ ಮಾಲಕರು ಮುಚ್ಚಳದ ಮೇಲೆ ಅಂಗೈ ಇಟ್ಟು, ಜ್ವರ ನೋಡುವ ಹಾಗೆ ಕಣ್ಣು ಮುಚ್ಚುತ್ತಿದ್ದರು.

ಒಂದು ತಾಸಾಯಿತು. ಮಾಲಕರು ಕೊನೆಯ ಸಲ ಕೈ ಇಟ್ಟರು, ತಂದೆಯ ಕೈಯನ್ನೂ ಹಿಡಿದು ಇಡಿಸಿದರು. ಹಾಡು ಬಂದ್ ಮಾಡಿದರು. ಮನೆಯಾತನಿಗೆ ಸನ್ನೆ ಮಾಡಿ ಮಗ್ಗವನ್ನೂ ನಿಲ್ಲಿಸಿದರು.

"ಮಾಸ್ತರ್ರ, ಹೆಂಗೈತಿ?"

"ಥಣ್ಣಗೈತ್ರಿ" ಎಂದು ತಂದೆ ಒಪ್ಪಿಕೊಂಡರು. ಬೇಸರದಿಂದಲೇ ಹೇಳಿದರು, ಆದರೆ ಸುಳ್ಳು ಹೇಳಲಿಲ್ಲ.

"ಹುಡುಗ ಪಾಸು. ಇನ್ನ ಒಂದೂ ತಕರಾರು ಉಳದಿಲ್ಲ."

"ನಂದೊಂದು ಉಳದೈತ್ರಿ ಅಣ್ಣಾರ" ಎಂದು ಅಡುಗೆಮನೆಯ ಬಾಗಿಲಿನಿಂದ ದನಿ ಬಂತು. ಮನೆಯಾಕೆ ಕೈಯಲ್ಲಿ ಒಂದು ಪಾತ್ರೆ ಹಿಡಿದು ನಿಂತಿದ್ದರು. "ಆ ಪೆಟ್ಟಿಗಿ ಬಿಸೀದ."

ತಂದೆ ನೆಟ್ಟಗೆ ಕೂತರು.

"ಎಷ್ಟು ಬಿಸಿ ಆಗತೈತಿ ತಂಗೀ?" ಎಂದು ಮಾಲಕರು ಕೇಳಿದರು.

"ಆಗೂದ ಇಲ್ಲ. ಅದ ತಕರಾರು."

ಯಾರಿಗೂ ತಿಳಿಯಲಿಲ್ಲ. ಆಕೆ ಪಾತ್ರೆಯನ್ನು ನಮ್ಮ ಮುಂದೆ ಇಟ್ಟರು. ಪಾತ್ರೆಯ ತಳ ದುಂಡಗಿತ್ತು, ಮುಚ್ಚಳದ ಮೇಲಿನ ಗುರುತಿನಷ್ಟೇ ಇತ್ತು.

"ಈ ಥಂಡ್ಯಾಗ ಹಾಲು ಹೆಪ್ಪಾಗೂದಿಲ್ರಿ. ದೀಪಾವಳಿಯಿಂದ ಇದನ್ನ ಪೆಟ್ಟಿಗಿ ಮ್ಯಾಲ ಇಡತಿದ್ನಿ. ಇವರು ನಾಕು ಹಾಡು ಹಚ್ಚೂದರಾಗ ಗಟ್ಟಿ ಗಡ್ಡಿ ಮೊಸರಾಗತಿತ್ತು. ಓಣ್ಯಾಗಿನವರೂ ಪಾತ್ರಿ ತಂದು ಇಟ್ಟು ಹೋಗತಿದ್ರು. ಈ ತಮ್ಮ ಬಂದು ಏನು ಮಾಡಿದ್ನೋ, ಅವತ್ತಿಂದ ನೋಡ್ರಿ."

ಪಾತ್ರೆಯನ್ನು ಓರೆ ಮಾಡಿದರು. ಹಾಲು ಆ ಕಡೆಯಿಂದ ಈ ಕಡೆ ಓಡಿತು.

"ನಾಳೆ ಭೋಗಿ. ಅಳ್ಯಾ ಬರಾಂವ ಅದಾನ. ಸಜ್ಜಿ ರೊಟ್ಟಿಗಿ ಹಾಲು ಹಚ್ಚಿ ಕೊಡಲೇನು?"

ತಂದೆ ಕಿಸೆಯಿಂದ ಅರ್ಜಿ ತೆಗೆದರು. ಅದನ್ನು ಮೊಣಕಾಲ ಮೇಲಿಟ್ಟು ನಿಧಾನವಾಗಿ ನೇರ ಮಾಡಿದರು. ಆಮೇಲೆ, ಮಕ್ಕಳಿಗೆ ಉಕ್ತಲೇಖನ ಹೇಳುವ ದನಿಯಲ್ಲಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದರು:

"ಬಿಸಿ ಬಗ್ಗೆ ಒಂದೇ ಒಂದು ತಕರಾರು ಉಳದಿದ್ರೂ. ಇದು ನಿಮ್ಮ ಮಾತು. ಇದು ಬಿಸಿ ಬಗ್ಗೆ ಐತಿ. ಇದು ತಕರಾರು ಐತಿ. ಉಳದೈತಿ."

ವ್ಯಾಕರಣದಲ್ಲಿ ತಪ್ಪಿರಲಿಲ್ಲ.

ಮಾಲಕರು ಪಾತ್ರೆಯೊಳಗೆ ಬಗ್ಗಿ ನೋಡಿದರು. ಮುಚ್ಚಳದ ಮೇಲೆ ಮತ್ತೊಮ್ಮೆ ಕೈ ಇಟ್ಟರು. ಗಿರಾಕಿಗಳ ಎದುರು ಕೂತಾಗಿನ ಹಾಗೆ ಗಂಟಲು ಸರಿಮಾಡಿಕೊಂಡು ನ್ಯಾಯ ಹೇಳಿದರು:

"ಮಾಸ್ತರ್ರ, ನಾವು ಪೆಟ್ಟಿಗಿಗಿ ಗ್ಯಾರಂಟಿ ಕೊಟ್ಟೇವಿ, ಸ್ಪೀಕರಿಗಿ ಕೊಟ್ಟೇವಿ, ರಿಮೋಟಿಗಿ ಸುದ್ದಾ ಕೊಟ್ಟೇವಿ. ಮೊಸರು ಗ್ಯಾರಂಟಿಯೊಳಗ ಬರೂದಿಲ್ಲ."